ಸೋಮವಾರದ ನಿದ್ದೆ

ಹಲ್ಲುಜ್ಜುತ್ತಾ ಕನ್ನಡಿಯ ಮುಂದೆ ನಿಂತಿದ್ದಾಗ ಅವಳು ತನಗೆ ತಾನೇ ಒಂದು ವಿಷಯ ಒಪ್ಪಿಕೊಂಡಳು. ತಾನು ಬ್ಯಾಂಡಿಗೆ ಕಲಿಸಿದ ನಿದ್ದೆ ನಿದ್ದೆಯೇ ಅಲ್ಲ. ಬಾಯಿ ತುಂಬ ನೊರೆಯಿದ್ದ ಕಾರಣ ಈ ಮಾತು ಹೊರಗೆ ಬರುವ ಅಪಾಯವಿರಲಿಲ್ಲ. ನೊರೆ ಇಲ್ಲದಿದ್ದರೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಅವಳದು ಸಾಫ್ಟ್‌ವೇರ್ ಎಂಜಿನಿಯರ್ ಕೆಲಸ. ಮಣಿಕಟ್ಟಿಗೆ ಕಟ್ಟಿಕೊಂಡರೆ ನಾಡಿ ನೋಡುವ, ನಡಿಗೆ ಅಳೆಯುವ, ಸುಮ್ಮನೆ ಕೂತವರನ್ನು ಎದ್ದು ಓಡಾಡಿ ಎಂದು ಸೋದರತ್ತೆಯಂತೆ ತಿವಿಯುವ ಆರೋಗ್ಯದ ಬ್ಯಾಂಡುಗಳನ್ನು ಮಾಡುವ ಕಂಪನಿ. ತೊಟ್ಟವರು ಯಾವಾಗ ಮಲಗಿದರು ಎಂಬುದನ್ನು ಬ್ಯಾಂಡು ಕಂಡುಹಿಡಿಯುವಂತೆ ಮಾಡುವುದು ಅವಳ ಪಾಲಿಗೆ ಬಂದಿತ್ತು. ಬ್ಯಾಂಡು ಹುಟ್ಟಿದ ಕೂಸಿನ ಹಾಗೆ, ಅದಕ್ಕೆ ತಾನಾಗಿ ಏನೂ ತಿಳಿಯದು. ಮಲಗಿದ ಹತ್ತಾರು ಜನರ ಮಣಿಕಟ್ಟು ತೋರಿಸಿ 'ನೋಡು, ಇದು ನಿದ್ದೆ' ಅನ್ನಬೇಕು. ನಡೆಯುವವರ ಮಣಿಕಟ್ಟು ತೋರಿಸಿ 'ಇದು ನಡಿಗೆ' ಅನ್ನಬೇಕು. ಆಮೇಲೆ ಅದು ತಾನೇ ಗುರುತು ಹಿಡಿಯುತ್ತದೆ.

ನಡಿಗೆಗೆ ಜನ ಸುಲಭವಾಗಿ ಸಿಕ್ಕರು. ನಿದ್ದೆಗೆ ಸಿಗಬೇಕಾದರೆ ಕೇಳಬೇಕಿತ್ತು. 'ಇವತ್ತು ರಾತ್ರಿ ಇದನ್ನು ಕಟ್ಟಿಕೊಂಡು ಮಲಗಿ, ಬೆಳಿಗ್ಗೆ ನಿಮ್ಮ ನಿದ್ದೆ ನನಗೆ ಕೊಡಿ' ಎಂದು ಸಹೋದ್ಯೋಗಿಗಳ ಮುಖ ನೋಡಿ ಕೇಳುವುದೆಂದರೆ ಅವಳಿಗೆ ಜೀವ ಹೋದಂತೆ. ಲಿಫ್ಟಿನಲ್ಲಿ ಯಾವ ಮಹಡಿ ಎಂದು ಯಾರಾದರೂ ಕೇಳಿಯಾರು ಎಂದು ಮೆಟ್ಟಿಲು ಹತ್ತುವವಳು ಅವಳು. ಒಂದು ಡಬ್ಬಿಯಲ್ಲಿ ಬ್ಯಾಂಡುಗಳನ್ನು ತುಂಬಿ, 'ದಯವಿಟ್ಟು ಮನೆಗೆ ಒಯ್ಯಿರಿ' ಎಂದು ಚೀಟಿ ಅಂಟಿಸಿ ಕಾಫಿ ಯಂತ್ರದ ಪಕ್ಕ ಇಟ್ಟಳು. ವಾರ ಕಳೆಯುವಷ್ಟರಲ್ಲಿ ಡಬ್ಬಿಯಲ್ಲಿ ಸಕ್ಕರೆ ಪೊಟ್ಟಣಗಳು ಬಂದು ಕೂತಿದ್ದವು, ಬ್ಯಾಂಡುಗಳು ಹಾಗೇ ಇದ್ದವು.

ಆಗ ಅವಳಿಗೆ ಸೋಮವಾರದ ಮೀಟಿಂಗು ಕಣ್ಣಿಗೆ ಬಿತ್ತು.

ಮೀಟಿಂಗು ಮ್ಯಾನೇಜರರದು. ಮಾತು ಮಾತಿಗೆ 'ನಾವೆಲ್ಲ ಒಂದೇ ಕುಟುಂಬ' ಎನ್ನುವುದರಿಂದ ಅವರಿಗೆ ಕುಟುಂಬ ಸರ್ ಎಂದು ಹೆಸರು ಬಿದ್ದಿತ್ತು. ಅವರ ಮಾತು ವಾಷರ್ ಹೋದ ನಲ್ಲಿಯಿದ್ದಂತೆ. ನಿಂತಿತು ಅಂದುಕೊಂಡು ಎದ್ದರೆ ಇನ್ನೊಂದು ಹನಿ. ಆ ಮೀಟಿಂಗಿಗೆ ಎಲ್ಲರೂ ಬ್ಯಾಂಡು ಕಟ್ಟಿಕೊಂಡೇ ಬರಬೇಕೆಂದು ಕಟ್ಟಪ್ಪಣೆ. ಅಲ್ಲಿಂದ ಬಂದ ಗೆರೆಗಳನ್ನು ಅವಳು ಕಂಪ್ಯೂಟರಿನಲ್ಲಿ ನೋಡಿದಾಗ ನಾಡಿಗಳು ನಿಧಾನ, ಕೈಗಳು ನಿಶ್ಚಲ. ಮೀಟಿಂಗಿನಲ್ಲಿ ತಲೆಯೆತ್ತಿ ಸುತ್ತ ನೋಡಿದರೆ ಕಣ್ಣುಗಳು ತೆರೆದಿವೆ, ಒಳಗೆ ಯಾರೂ ಇಲ್ಲ. ಇದಕ್ಕಿಂತ ನಿದ್ದೆ ಇನ್ನೇನು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಅಷ್ಟೂ ಸೋಮವಾರಗಳಿಗೆ 'ನಿದ್ದೆ' ಎಂದು ಗುರುತು ಹಾಕಿ ಬ್ಯಾಂಡಿಗೆ ಉಣಿಸಿಬಿಟ್ಟಳು. ಇಷ್ಟೊಂದು ಜನರ ನಿದ್ದೆ ಕೂಡಿಸಿದ್ದಕ್ಕೆ ಕುಟುಂಬ ಸರ್ ಅವಳನ್ನು ಮೀಟಿಂಗಿನಲ್ಲೇ ಹೊಗಳಿದರು. ಬೇರೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಅದೆಲ್ಲ ಹಳೆಯ ಕತೆ. ಇವತ್ತಿನದು ಬೇರೆ. ನಿದ್ದೆ ಹಿಡಿಯುವ ಹೊಸ ಬ್ಯಾಂಡನ್ನು ನೋಡಲು ದೊಡ್ಡ ಆಸ್ಪತ್ರೆಯೊಂದರ ನಿದ್ರಾತಜ್ಞೆ ಮಧ್ಯಾಹ್ನ ಬರುವವರಿದ್ದರು. ಇವತ್ತೇ ಅವಳ ಪ್ರೊಬೇಷನ್ ಕೂಡ ಮುಗಿಯುವುದಿತ್ತು. ಕುಟುಂಬ ಸರ್ ಸಹಿ ಹಾಕಿದರೆ ಕೆಲಸ ಕಾಯಂ. ಹಾಕದಿದ್ದರೆ ಭಾವನ ಆಫೀಸು.

ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಭಾವನದು ಜಿರಳೆ, ತಿಗಣೆ ಓಡಿಸುವ ವ್ಯಾಪಾರ. ಅಲ್ಲಿ ಫೋನ್ ಎತ್ತುವವಳು ಮದುವೆಯಾಗಿ ಹೋಗಿ ಕುರ್ಚಿ ಖಾಲಿಯಿತ್ತು. ಬೆಳಗಿನಿಂದ ಸಂಜೆವರೆಗೆ ಗೊತ್ತಿಲ್ಲದವರ ಜೊತೆ ಅವರ ಮನೆಯ ಜಿರಳೆಗಳ ಯೋಗಕ್ಷೇಮ ವಿಚಾರಿಸುವ ಕೆಲಸ. 

ತಿಂಡಿಗೆ ಕೂತಾಗ ಭಾವ ತುಂಬ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ಸೈನ್ ಹಾಕದೇ ಇದ್ರೆ ಬೇಜಾರು ಮಾಡ್ಕೋಬೇಡಮ್ಮ. ಕುರ್ಚಿ ನಿಂಗೋಸ್ಕರಾನೇ ಇಟ್ಟಿದೀನಿ."

"ಚೆನ್ನಾಗಿದೆ," ಅಂದಳು ಅಕ್ಕ. "ಇವಳು ಹಲೋ ಅನ್ನೋ ಅಷ್ಟರಲ್ಲಿ ಆ ಜಿರಳೆ ಮೊಮ್ಮಕ್ಕಳನ್ನ ಕಂಡಿರುತ್ತೆ."

ಅವಳು ನಕ್ಕಳು. ನಗುವುದಕ್ಕೆ ಬಾಯಿ ಬಿಡಬೇಕಾಗಿರಲಿಲ್ಲ.

ಕುಟುಂಬ ಸರ್‌ಗೆ ಎಲ್ಲ ಹೇಳಿಬಿಡುವುದೆಂದು ಬಸ್ಸಿನಲ್ಲಿ ತೀರ್ಮಾನಿಸಿದ್ದಳು. 'ಸರ್, ಒಂದು ತಪ್ಪಾಗಿದೆ' ಎಂಬ ವಾಕ್ಯವನ್ನು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ಹದ ಮಾಡಿಕೊಂಡು ಅವರ ಕೋಣೆಗೆ ಹೋದಳು. 'ಸರ್' ಎಂಬಲ್ಲಿಯವರೆಗೆ ಬಂದಿತು. ಅವರು ಕೈಯೆತ್ತಿ, ನೀನು ಯಾಕೆ ಬಂದೆ ಅಂತ ಗೊತ್ತು, ಕಾಯಂ ಪತ್ರಕ್ಕೆ ತಾನೆ, ಕುಟುಂಬದಲ್ಲಿ ಯಾರೂ ಅವಸರ ಮಾಡಬಾರದು ಎಂದು ಶುರುಮಾಡಿದರು. ಅಲ್ಲಿಂದ ತಾಳ್ಮೆಗೆ ಹೋದರು, ತಾಳ್ಮೆಯಿಂದ ತಮ್ಮ ಬಾಲ್ಯಕ್ಕೆ. ಅವರ ಮೇಜಿನ ಕಾಫಿಗೆ ಕೆನೆ ಕಟ್ಟಿತು. ಅವಳು ತಲೆಯಾಡಿಸಿ ಹೊರಗೆ ಬಂದಳು.

ಬಾಗಿಲಲ್ಲೇ ಬ್ಯಾಟರಿ ಅಣ್ಣ ಸಿಕ್ಕ. ಬ್ಯಾಂಡಿನ ಬ್ಯಾಟರಿ ನೋಡಿಕೊಳ್ಳುವವನಾದ್ದರಿಂದ ಆ ಹೆಸರು. ಅವನ ಬ್ಯಾಟರಿ ಮಾತ್ರ ಯಾವತ್ತೂ ಇಳಿದದ್ದಿಲ್ಲ. ಆಫೀಸಿನಲ್ಲಿ ಅವಳಿಗೆ 'ಸೈಲೆಂಟು' ಎಂದು ಹೆಸರಿಟ್ಟವನೂ ಅವನೇ, ಅವಳ ಪರವಾಗಿ ಎಲ್ಲ ಕಡೆ ಮಾತಾಡುವವನೂ ಅವನೇ.

"ಏನ್ ಸೈಲೆಂಟು, ಮುಖ ಯಾಕೆ ಹಿಂಗಿದೆ? ಸೈನ್ ಹಾಕಲ್ಲ ಅಂದ್ರಾ?"

ಅಲ್ಲ ಎಂದು ತಲೆಯಾಡಿಸಿದಳು. ಅವನು ಒಂದೊಂದೇ ಊಹೆ ಮುಂದಿಟ್ಟ. ಬ್ಯಾಂಡಿನದಾ? ಹೂಂ. ನಿದ್ದೆಯದಾ? ಹೂಂ. ಯಾರೂ ನಿದ್ದೆ ಕೊಡಲೇ ಇಲ್ಲವಾ? ಹೂಂ. ಮತ್ತೆ ಅಷ್ಟೊಂದು ನಿದ್ದೆ ಎಲ್ಲಿಂದ ಬಂತು? ಅವಳ ಕಣ್ಣು ಮೀಟಿಂಗ್ ಕೋಣೆಯ ಕಡೆ ಹೊರಳಿತು. ಬ್ಯಾಟರಿ ಅಣ್ಣ ಬಾಯಿಗೆ ಕೈ ಇಟ್ಟುಕೊಂಡ. ತನ್ನ ತಾಯಾಣೆಗೂ ಯಾರಿಗೂ ಹೇಳುವುದಿಲ್ಲ ಎಂದ. ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂರುವ ಮೊದಲೇ ತಪ್ಪಕ್ಕ ಅಲ್ಲಿ ಬಂದು ನಿಂತಿದ್ದಳು.

ಬ್ಯಾಂಡುಗಳನ್ನು ಪರೀಕ್ಷಿಸಿ ತಪ್ಪು ಹುಡುಕುವುದು ತಪ್ಪಕ್ಕನ ಉದ್ಯೋಗ. ಬ್ಯಾಂಡು ಸಿಗದಾಗ ಮನುಷ್ಯರಲ್ಲಿ ಹುಡುಕುತ್ತಿದ್ದಳು. ಆದರೆ ಬುದ್ಧಿ ಚುರುಕು. ಸುಮ್ಮನೆ ಹೆದರಿಕೊಂಡು ಕೂತರೆ ಏನು ಬಂತು, ನಿಜವಾದ ನಿದ್ದೆಯನ್ನೂ ಇದು ನಿದ್ದೆ ಅನ್ನಬಹುದಲ್ಲ, ಒಂದು ಸಲ ನೋಡಿಬಿಡು ಎಂದಳು. ಹಗಲು ಹೊತ್ತಿನಲ್ಲಿ ನಿಜವಾಗಿ ಮಲಗಿದವರು ಎಲ್ಲಿ ಸಿಗಬೇಕು?

"ಊಟ ಆದ್ಮೇಲೆ ಸ್ಟೋರ್ ರೂಮಿಗೆ ಹೋಗು," ಅಂದಳು ತಪ್ಪಕ್ಕ. "ಲೆಕ್ಕದ ಮಾವ ಇರ್ತಾರೆ."

ಲೆಕ್ಕದ ಮಾವ ಎಂದರೆ ಕಂಪನಿಯ ಲೆಕ್ಕ ಬರೆಯುವ ಹಿರಿಯರು. ಸೋಮವಾರ ಬ್ಯಾಂಕಿನ ಕೆಲಸ ಇಟ್ಟುಕೊಂಡು ಮೀಟಿಂಗು ತಪ್ಪಿಸುವಷ್ಟು ಅನುಭವಸ್ಥರು. ಊಟವಾದ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಗುಳ್ಳೆ ಪ್ಲಾಸ್ಟಿಕ್ಕಿನ ಸುರುಳಿ ಬಿಚ್ಚಿ ಹಾಸಿಕೊಂಡು ಮಲಗುತ್ತಿದ್ದರು. ಮಗ್ಗುಲು ಬದಲಿಸಿದಾಗಲೆಲ್ಲ ಪಟಪಟ ಎಂದು ಗುಳ್ಳೆ ಒಡೆಯುತ್ತಿತ್ತು. ಎಚ್ಚರವಾಗುತ್ತಿರಲಿಲ್ಲ.

ಅವಳು ಕಳ್ಳಬೆಕ್ಕಿನಂತೆ ಒಳಗೆ ಹೋಗಿ ನೆಲಕ್ಕೆ ಕೂತು, ತನ್ನ ಕೈಯ ಬ್ಯಾಂಡನ್ನೇ ಬಿಚ್ಚಿ ಮಾವನ ಕೈಗೆ ಕಟ್ಟಿದಳು. ಬೇರೆ ಬ್ಯಾಂಡು ತರಬೇಕಾದರೆ ಯಾರನ್ನಾದರೂ ಕೇಳಬೇಕಿತ್ತಲ್ಲ. ಮಾವನ ಕೈ ಹೊಟ್ಟೆಯ ಮೇಲಿತ್ತು. ಗೊರಕೆಗೆ ತಕ್ಕಂತೆ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು, ಜೊತೆಗೆ ಕೈಯೂ. ಅವಳು ಮೊಬೈಲು ತೆರೆದು ನೋಡಿದಳು. ಬ್ಯಾಂಡು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಪೂರ್ಣ ವಿಶ್ವಾಸದಿಂದ ಹೇಳಿತು: 'ಚುರುಕಾದ ನಡಿಗೆ.'

ಸೋಮವಾರದ ಸತ್ತ ಕೈಗಳನ್ನೇ ನಿದ್ದೆ ಎಂದು ಕಲಿತ ಬ್ಯಾಂಡು ಅದು. ಇಷ್ಟು ಲಯವಾಗಿ ಕೈ ಬೀಸುವವರು ಮಲಗಿದ್ದಾರೆಂದು ಅದು ಹೇಗೆ ನಂಬೀತು?

ಅಲ್ಲಿಗೆ ನಿಂತಿದ್ದರೆ ಹೇಗೋ ಆಗುತ್ತಿತ್ತು. ಬಿಚ್ಚಲು ಹೋದರೆ ಕೊಂಡಿ ಬಿಚ್ಚಲಿಲ್ಲ. ಮಕ್ಕಳು ಬಿಚ್ಚಬಾರದೆಂದು ಹೊಸದಾಗಿ ಮಾಡಿದ ಕೊಂಡಿ. ದಪ್ಪ ಮಣಿಕಟ್ಟಿಗೆ ಬಿಗಿದರೆ ಎಂಜಿನಿಯರುಗಳೂ ಬಿಚ್ಚಲಾರರು ಎಂಬುದು ಈಗ ತಿಳಿಯಿತು. ಅವಳು ಉಗುರು ಹಾಕಿ ಎಳೆಯುತ್ತಿದ್ದಂತೆ ಮಾವ "ಹೂಂ, ಆ ಬಿಲ್ ನಾಳೆ ನೋಡೋಣ" ಎಂದು ಗೊಣಗಿ, ಬ್ಯಾಂಡಿನ ಸಮೇತ ಕೈಯನ್ನು ಗಲ್ಲದ ಕೆಳಗೆ ಹಾಕಿಕೊಂಡು ಮಗ್ಗುಲಾದರು. ಗೊರಕೆಗೆ ಈಗ ಗಲ್ಲದ ಜೊತೆ ಕೈ ಕುಣಿಯತೊಡಗಿತು.

ಹೊರಗೆ ಹಾಲಿನ ಗೋಡೆಯ ಮೇಲೆ ಒಂದು ದೊಡ್ಡ ಪರದೆಯಿತ್ತು. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಚುಕ್ಕಿ. ನಡೆದರೆ ಹಸಿರು, ಎಚ್ಚರವಾಗಿ ಕೂತಿದ್ದರೆ ಹಳದಿ. ಮಲಗಿದರೆ ನೀಲಿ. ಈ ನೀಲಿ ಇವತ್ತೇ ಮೊದಲು ಬೆಳಗುವುದಿತ್ತು. ಅವಳು ಸ್ಟೋರ್ ರೂಮಿನಿಂದ ಇಣುಕಿದಾಗ ಪರದೆಯ ಮೇಲೆ ಅವಳ ಚುಕ್ಕಿ ಹಚ್ಚ ಹಸಿರಾಗಿ ಕುಣಿಯುತ್ತಿತ್ತು. ಅದರ ಕೆಳಗೆ ಕುಟುಂಬ ಸರ್ ನಿಂತು, ಆಫೀಸಿನ ಹೊತ್ತಿನಲ್ಲಿ ಈ ಹುಡುಗಿ ಎಲ್ಲಿಗೆ ಇಷ್ಟು ಜೋರಾಗಿ ನಡೆಯುತ್ತಿದ್ದಾಳೆ ಎಂದು ವಿಚಾರಿಸುತ್ತಿದ್ದರು. ಸಹಿ ಹಾಕಬೇಕಾದ ದಿನವೇ ಓಡಿಹೋದಳೇ ಎಂಬ ಸಂಶಯ ಅವರ ಹುಬ್ಬಿನಲ್ಲಿತ್ತು.

ತಪ್ಪಕ್ಕನಿಂದ ಸ್ಟೋರ್ ರೂಮಿನ ಸಂಗತಿ ಆಗಲೇ ತಿಳಿದಿದ್ದ ಬ್ಯಾಟರಿ ಅಣ್ಣ ಸಹಾಯಕ್ಕೆ ಧಾವಿಸಿದ. ನಮ್ಮ ಸೈಲೆಂಟು ಬ್ಯಾಂಡಿನ ಮೇಲಿನ ಭಕ್ತಿಗೆ ದಿನಾ ಊಟವಾದ ಮೇಲೆ ಕಟ್ಟಡದ ಸುತ್ತ ನಡೆಯುತ್ತಾಳೆ, ಯಾರಿಗೂ ಹೇಳಿಕೊಳ್ಳುವುದಿಲ್ಲ ಅಷ್ಟೆ ಎಂದ. ಕುಟುಂಬ ಸರ್ ಕರಗಿಹೋದರು. ಡಾಕ್ಟರಮ್ಮ ಬರುತ್ತಲೇ ಕಿಟಕಿಯಿಂದ ಈ ಹುಡುಗಿಯನ್ನು ತೋರಿಸಬೇಕು ಎಂದರು. ಅದನ್ನು ಕೇಳಿಸಿಕೊಂಡ ಅವಳಿಗೆ ಹಿಂಬಾಗಿಲಿನಿಂದ ಇಳಿದು ನಿಜವಾಗಿಯೂ ನಡೆಯದೆ ಗತಿಯಿರಲಿಲ್ಲ. ಸುಡುವ ಬಿಸಿಲಿನಲ್ಲಿ, ಪಾರ್ಕಿಂಗಿನ ಕಾರುಗಳ ನಡುವೆ, ಸ್ಟೋರ್ ರೂಮಿನ ಗೊರಕೆಯ ವೇಗಕ್ಕೆ ತಕ್ಕಂತೆ ಅವಳು ಸುತ್ತು ಹಾಕಿದಳು. ಮೇಲಿನ ಕಿಟಕಿಯಿಂದ ಯಾರೋ ಚಪ್ಪಾಳೆ ತಟ್ಟಿದರು.

ಡಾಕ್ಟರಮ್ಮ ಬಂದರು. ಕಣ್ಣಿನ ಕೆಳಗೆ ಕಪ್ಪು ವರ್ತುಲಗಳಿದ್ದ, ಮಾತು ಕಡಿಮೆಯ ಹೆಂಗಸು. ಎಲ್ಲ ಕುರ್ಚಿಗಳೂ ತುಂಬಿರಬೇಕೆಂದು ಕುಟುಂಬ ಸರ್ ಅಪ್ಪಣೆ ಮಾಡಿದ್ದರಿಂದ ಲೆಕ್ಕದ ಮಾವನನ್ನೂ ಎಬ್ಬಿಸಿ ತಂದು ಮೊದಲ ಸಾಲಿನಲ್ಲಿ ಕೂರಿಸಿದರು. ಉದ್ದ ತೋಳಿನ ಅಂಗಿ. ಒಳಗೆ ಬ್ಯಾಂಡಿದೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಬೆವರಿನಲ್ಲಿ ತೊಯ್ದ ಅವಳಿಗೆ ಅವರ ಪಕ್ಕದ ಕುರ್ಚಿಯೇ ಸಿಕ್ಕಿತು. ಡಾಕ್ಟರಮ್ಮನ ಕೈಗೂ ಅತಿಥಿಗಳದೊಂದು ಬ್ಯಾಂಡು ಕಟ್ಟಿದರು. ಪರದೆ ಬೆಳಗಿತು. ಕುಟುಂಬ ಸರ್ ಗಂಟಲು ಸರಿಮಾಡಿಕೊಂಡರು.

"ನಾವೆಲ್ಲ ಒಂದೇ ಕುಟುಂಬ," ಎಂದು ಶುರುಮಾಡಿದರು.

ಮೊದಲು ನೀಲಿಯಾದದ್ದು ಬ್ಯಾಟರಿ ಅಣ್ಣನ ಚುಕ್ಕಿ. ಆಮೇಲೆ ಹಿಂದಿನ ಸಾಲು ಇಡಿಯಾಗಿ. ಸಂಜೆ ಊರಿನಲ್ಲಿ ದೀಪ ಹೊತ್ತಿಕೊಂಡಂತೆ ಒಂದಾದ ಮೇಲೊಂದು ಹೆಸರು ನೀಲಿಯಾಗುತ್ತಾ ಬಂತು. ಪರದೆಗೆ ಬೆನ್ನು ಹಾಕಿದ್ದ ಕುಟುಂಬ ಸರ್‌ಗೆ ಅದು ಕಾಣಲಿಲ್ಲ. ಕಂಡದ್ದು ತಪ್ಪಕ್ಕನಿಗೆ. ಅವಳು ಅಕ್ಕಪಕ್ಕದವರನ್ನು ತಿವಿದು, ಕೈ ಆಡಿಸಿ, ಕೈ ಆಡಿಸಿ ಎಂದು ಪಿಸುಗುಟ್ಟಿದಳು. ಒಬ್ಬರನ್ನು ನೋಡಿ ಒಬ್ಬರು ಸೋಪಿಲ್ಲದೆ ಕೈ ತೊಳೆಯತೊಡಗಿದರು. ಚುಕ್ಕಿಗಳು ಹಸಿರಾದವು. ಸರ್ ತಾಳ್ಮೆಯ ವಿಷಯಕ್ಕೆ ಬಂದರು. ಕೈಗಳು ನಿಂತವು, ಮತ್ತೆ ನೀಲಿ. ಈ ಸಲ ತಪ್ಪಕ್ಕನೂ.

ಸರ್ ಬಾಲ್ಯಕ್ಕೆ ಬರುವಷ್ಟರಲ್ಲಿ 'ಅತಿಥಿ' ಎಂಬ ಚುಕ್ಕಿ ನೀಲಿಯಾಯಿತು. ಡಾಕ್ಟರಮ್ಮ ನೆಟ್ಟಗೆ ಕೂತಿದ್ದರು, ಕಣ್ಣು ತೆರೆದಿತ್ತು, ತಲೆ ಆಗಾಗ ಹೂಂ ಎನ್ನುತ್ತಿತ್ತು.

ಇಡೀ ಪರದೆಯಲ್ಲಿ ಒಂದೇ ಒಂದು ಚುಕ್ಕಿ ಹಸಿರಾಗಿತ್ತು. ಅದು ಅವಳದು. ಪಕ್ಕದಲ್ಲಿ ಲೆಕ್ಕದ ಮಾವ ಅರ್ಧಕ್ಕೆ ಬಿಟ್ಟ ನಿದ್ದೆಯನ್ನು ಮುಂದುವರಿಸಿದ್ದರು. ಹೊಟ್ಟೆಯ ಮೇಲಿನ ಕೈ ಏರುತ್ತಿತ್ತು, ಇಳಿಯುತ್ತಿತ್ತು. ಸರ್ ಮಾತಿನ ನಡುವೆ ಒಂದು ಭಾರಿ ಗೊರಕೆ ಎದ್ದಿತು. ಡಾಕ್ಟರಮ್ಮ ಬೆಚ್ಚಿ ಕಣ್ಣು ಮಿಟುಕಿಸಿದರು. ಕುಟುಂಬ ಸರ್ ಮಾತು ನಿಲ್ಲಿಸಿ, ಎಲ್ಲರೂ ನೋಡುತ್ತಿದ್ದ ಕಡೆಗೆ ತಿರುಗಿದರು.

ಅವರು ಪರದೆಯನ್ನು ನೋಡಿದರು. ಕುಟುಂಬ ಪೂರ್ತಿ ನೀಲಿ. ಆಮೇಲೆ ಅವಳನ್ನು ನೋಡಿದರು.

"ನೀನು ಇಲ್ಲಿ ಕೂತಿದೀಯ," ಅಂದರು ನಿಧಾನವಾಗಿ. "ಅಲ್ಲಿ ನಡೀತಾ ಇದೀಯ."

ಅವಳು ಪಕ್ಕದ ಮಾವನ ತೋಳಿನ ಕಡೆ ನೋಡಿದಳು. ಬ್ಯಾಟರಿ ಅಣ್ಣನಿಗೆ ಅಯ್ಯೋ ಪಾಪ ಎನಿಸಿತು. ಎದ್ದು ನಿಂತು, ಅವಳು ಪಾಪದವಳು ಸರ್, ಅವಳನ್ನ ಏನೂ ಅನ್ನಬೇಡಿ ಎಂದು ಶುರುಮಾಡಿ, ಸಕ್ಕರೆ ಪೊಟ್ಟಣದ ಡಬ್ಬಿಯಿಂದ ಸ್ಟೋರ್ ರೂಮಿನವರೆಗೆ ಒಂದನ್ನೂ ಬಿಡದೆ ಹೇಳಿದ. ಮಾವನ ಅಂಗಿಯ ತೋಳು ಮಡಚಿ ಬ್ಯಾಂಡನ್ನು ಎತ್ತಿ ತೋರಿಸಿದ. ತಾಯಿಯ ಮೇಲಿಟ್ಟ ಆಣೆ ಅವನಿಗೆ ನೆನಪಿದ್ದಂತೆ ಕಾಣಲಿಲ್ಲ.

"ಒಟ್ಟಲ್ಲಿ ಸರ್," ಎಂದು ಮುಗಿಸಿದ, "ಈ ಬ್ಯಾಂಡಿಗೆ ನಿದ್ದೆ ಕಲಿಸಿದ್ದೇ ನಿಮ್ಮ ಸೋಮವಾರದ ಮೀಟಿಂಗು."

ಗೋಡೆಯ ಏಸಿ ಗುಂಯ್ ಎನ್ನುವುದು ಆಫೀಸಿಗೆ ಅಂದೇ ಮೊದಲು ಕೇಳಿಸಿತು. ಕುಟುಂಬ ಸರ್ ಜೇಬಿನಲ್ಲಿದ್ದ ಕಾಯಂ ಪತ್ರವನ್ನು ಹೊರಗೆ ತೆಗೆದರು. ಹರಿಯುವುದಕ್ಕೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವಳಿಗೆ ಎಲ್ಲಿಂದಲೋ ಭಾವನ ಆಫೀಸಿನ ಫೋನಿನ ಗಂಟೆ ಕೇಳಿಸತೊಡಗಿತು.

"ಒಂದು ನಿಮಿಷ," ಅಂದರು ಡಾಕ್ಟರಮ್ಮ.

ಮಲಗಿದವರ ನಿದ್ದೆ ಅಳೆಯುವ ಬ್ಯಾಂಡುಗಳು ತಮ್ಮ ಮೇಜಿನ ಮೇಲೆ ರಾಶಿ ಬಿದ್ದಿವೆ, ಇನ್ನೊಂದನ್ನು ಕೊಳ್ಳುವ ಮನಸ್ಸಿಲ್ಲದೆ ಬರೀ ಮರ್ಯಾದೆಗೆ ಬಂದಿದ್ದೆ ಎಂದು ಅವರು ಒಪ್ಪಿಕೊಂಡರು. ಆದರೆ ಇದು ಹಾಗಲ್ಲ. ತಾನು ಬಹಳ ವರ್ಷಗಳಿಂದ ಎಷ್ಟೋ ಸಭೆಗಳಲ್ಲಿ ಕಣ್ಣು ಬಿಟ್ಟುಕೊಂಡು, ತಲೆಯಾಡಿಸಿಕೊಂಡು ಕಳೆದುಹೋಗಿದ್ದೇನೆ, ಇದುವರೆಗೆ ಯಾರೂ ಹಿಡಿದಿಲ್ಲ. ಇವತ್ತು ಈ ಬ್ಯಾಂಡು ಹಿಡಿಯಿತು. ತಮ್ಮ ಆಸ್ಪತ್ರೆಯಲ್ಲಿ ತರಬೇತಿಗೆ ಕೂತ ಎಳೆಯ ಡಾಕ್ಟರುಗಳಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂದು ತಿಳಿಯುವ ಇಂಥ ಯಂತ್ರಕ್ಕಾಗಿಯೇ ಕಾಯುತ್ತಿದ್ದೇನೆ. ಎಲ್ಲರಿಗೂ ಒಂದೊಂದು ಬೇಕು. ಇದನ್ನು ಯೋಚಿಸಿದವರು ಯಾರು?

ಹರಿಯಲು ಹೊರಟಿದ್ದ ಕೈಗಳು ಪತ್ರವನ್ನು ಹಾಗೇ ಸವರಿ ನೇರಮಾಡಿದವು. ನಮ್ಮ ಕುಟುಂಬದ ಹುಡುಗಿಯೇ ಎಂದರು ಸರ್.

ಆದರೆ ಡಾಕ್ಟರಮ್ಮ ತಜ್ಞೆಯಲ್ಲವೇ, ಷರತ್ತಿಲ್ಲದೆ ಬಿಡಲಿಲ್ಲ. ಬರೀ ಸೋಮವಾರಗಳು ಸಾಲವು. ಪೂರ್ತಿ ನಂಬಬೇಕಾದರೆ ದಿನಾ ಬೇಕು, ಬೆಳಿಗ್ಗೆಯಿಂದ ಸಂಜೆಯವರೆಗೆ, ಇದೇ ಜನ, ಇದೇ ಕೋಣೆ. ಮಾತಾಡುವವರನ್ನು ಮಾತ್ರ ಯಾವ ಕಾರಣಕ್ಕೂ ಬದಲಿಸಕೂಡದು, ಇಂಥ ಪರಿಣಾಮ ಇನ್ನೊಬ್ಬರಿಂದ ಬರಲಾರದು. ಕುಟುಂಬ ಸರ್ ಮುಖ ಅರಳಿತು. ಹಿಂದಿನ ಸಾಲಿನಲ್ಲಿ ಯಾರೋ ನರಳಿದರು. ತಪ್ಪಕ್ಕ ಅವಳನ್ನು ನೋಡಿದ ನೋಟಕ್ಕೆ ಹಾಲಿದ್ದರೆ ಒಡೆಯುತ್ತಿತ್ತು.

ಇನ್ನೂ ಒಂದಿತ್ತು. ಬ್ಯಾಂಡು ಹೇಳಿದ್ದು ನಿಜವೋ ಸುಳ್ಳೋ ತಾಳೆ ನೋಡಲು ಕೋಣೆಯಲ್ಲಿ ಒಬ್ಬರಾದರೂ ಎಚ್ಚರವಾಗಿರಬೇಕು. ಅವರು ಎಲ್ಲರಿಗೂ ಎದುರಾಗಿ ನಿಂತು, ಮೈಕು ಹಿಡಿದು, ಇಂಥವರು ಹೋದರು, ಈಗ ಇಂಥವರು ಹೋದರು ಎಂದು ಆಯಾ ಕ್ಷಣಕ್ಕೆ ಹೆಸರು ಹಿಡಿದು ಗಟ್ಟಿಯಾಗಿ ಕೂಗಬೇಕು. ಅಂಥವರು ಇಲ್ಲಿ ಯಾರಿದ್ದಾರೆ?

ಯಾರೂ ಇರಲಿಲ್ಲ. ತಾನಂತೂ ಕುಟುಂಬ ಅನ್ನುವಷ್ಟರಲ್ಲೇ ಹೋಗಿರುತ್ತೇನೆ ಎಂದು ಬ್ಯಾಟರಿ ಅಣ್ಣ ಪ್ರಾಮಾಣಿಕವಾಗಿ ಹೇಳಿದ. ಉಳಿದವರು ನೆಲ ನೋಡಿದರು. ಲೆಕ್ಕದ ಮಾವನ ಕೈ ನಿಶ್ಚಿಂತೆಯಿಂದ ನಡೆಯುತ್ತಲೇ ಇತ್ತು. ಕೊನೆಗೆ ಎಲ್ಲರ ಕಣ್ಣೂ ಬಂದು ಅವಳ ಮೇಲೆ ಕೂತವು.

ಕುಟುಂಬ ಸರ್ ಪತ್ರವನ್ನು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದರು. ಅವರ ದನಿಯಲ್ಲಿ ಅವಳು ಯಾವತ್ತೂ ಕೇಳಿರದ ಅಂಜಿಕೆಯಿತ್ತು.

"ನಿಜ ಹೇಳಮ್ಮ. ಅಷ್ಟು ಸೋಮವಾರದಲ್ಲಿ ನೀನೂ ಒಂದು ಸಲವಾದ್ರೂ ನಿದ್ದೆ ಮಾಡಿದ್ದುಂಟಾ?"

ಹೂಂ ಎಂದರೆ ಪತ್ರ ಹೋಯಿತು, ಮೈಕೂ ಹೋಯಿತು. ಉಹುಂ ಎಂದರೆ ಎರಡೂ ಬಂದವು. ಹೂಂ ಅನ್ನು ಎಂದು ತಪ್ಪಕ್ಕ ಹಿಂದಿನಿಂದ ತಲೆ ಕುಣಿಸಿದಳು. ಬ್ಯಾಟರಿ ಅಣ್ಣ ಎಂದಿನಂತೆ ಅವಳ ಪರವಾಗಿ ಬಾಯಿ ತೆರೆದ. ಡಾಕ್ಟರಮ್ಮ ಕೈಯೆತ್ತಿ ಅವನನ್ನು ಸುಮ್ಮನಾಗಿಸಿ, ಅವಳೇ ಹೇಳಲಿ ಬಿಡಿ ಎಂದರು. ಎಲ್ಲರೂ ಕಾದರು. ಅವಳ ಮಾತಿಗೆ ಇಷ್ಟು ಜನ, ಇಷ್ಟು ಎಚ್ಚರವಾಗಿ, ಹಿಂದೆಂದೂ ಕಾದದ್ದಿರಲಿಲ್ಲ. ಆ ಒಂದು ಗಳಿಗೆಗೆ ಮರುಳಾಗಿಯೋ ಏನೋ, ಅವಳ ಬಾಯಿ ತೆರೆಯಿತು.

"ಇಲ್ಲ ಸರ್," ಅಂದಳು. ದನಿ ಅವಳಿಗೇ ಅಪರಿಚಿತವೆನಿಸುವಷ್ಟು ಸ್ಪಷ್ಟವಾಗಿತ್ತು. "ಎಲ್ಲಿ ನನ್ನ ಎಬ್ಬಿಸಿ ನಿಲ್ಲಿಸಿ ಮಾತಾಡು ಅಂತೀರೋ ಅಂತ ಭಯ. ಅದಕ್ಕೇ ಪ್ರತಿ ಸೋಮವಾರ, ಮೊದಲಿಂದ ಕೊನೇವರೆಗೂ, ನಾನೊಬ್ಳೇ ಎಚ್ಚರ ಇದ್ದೆ."